ಕಾಮಣ್ಣನ್ನ ಸುಟ್ಟ ಗುಡ್ಡ ಮತ್ತ ಪಿಎಚ್‌ಡಿ ಹುಡ್ಗಿ: ಧರ್ಮದಾಗ ಲೈಂಗಿಕತೆ ಓದೋದು ಅಂದ್ರ ಏನು?

ನಂದು ಕೊಪ್ಪಳದಾಗ ಝೆರಾಕ್ಸ್, ಡಿಟಿಪಿ ಅಂಗಡಿ. ಹದಿನೆಂಟು ವರ್ಷದಿಂದ ಮಂದಿ ಥೀಸಿಸ್ಸು, ಲಗ್ನಪತ್ರಿಕೆ, ಅಫಿಡವಿಟ್ಟು ಎಲ್ಲಾ ನುಡಿ ಸಾಫ್ಟ್‌ವೇರಿನಾಗ ಟೈಪ್ ಮಾಡೇನಿ, ಹಿಂಗಾಗಿ ಯಾವ್ ವಿಷ್ಯ ಕೇಳಿದ್ರೂ ಅರ್ಧಂಬರ್ಧ ಗೊತ್ತು. ಹೋದ ತಿಂಗಳು ಪಿಎಚ್‌ಡಿ ಮಾಡೋ ಹುಡ್ಗಿ ಒಬ್ಬಾಕಿ ಬರವಣಿಗಿ ತಂದ್ಲು. ಟೈಟಲ್ ನೋಡ್ರಿ: 'ಧಾರ್ಮಿಕ ಪರಂಪರೆಗಳಲ್ಲಿ ಲೈಂಗಿಕತೆ ಮತ್ತು ಆಧ್ಯಾತ್ಮ: ಒಂದು ತೌಲನಿಕ ಅಧ್ಯಯನ'. ನಾನು ಅದನ್ನ 24 ಸೈಜಿನಾಗ ಬೋಲ್ಡ್ ಮಾಡಿ ಸ್ಕ್ರೀನ್ ಮ್ಯಾಲೆ ಇಟ್ಟಿದ್ದೆ, ಹಿಂದ ಆಧಾರ್ ಝೆರಾಕ್ಸಿಗೆ ನಿಂತಿದ್ದ ಹಿರ್ಯಾರೊಬ್ರು ಕನ್ನಡಕ ಏರ್ಸಿ ಓದಿ 'ಏನವಾ ತಂಗಿ, ಇಂಥಾವಕ್ಕೂ ಡಿಗ್ರಿ ಕೊಡ್ತಾರೇನು?' ಅಂದ್ರು. ಪಕ್ಕದವ 'ದೇವರ ವಿಷ್ಯದಾಗ ಇದೆಲ್ಲಾ ಯಾಕ ಬೇಕಿತ್ತು' ಅಂದ. ಹುಡ್ಗಿ ಮುಖ ಸಣ್ಣದಾತು, ನಾನು ಸುಮ್ನ ಫಾಂಟ್ ಸಣ್ಣದು ಮಾಡಿದೆ.

ಆಮ್ಯಾಲೆ ಹತ್ತು ಹನ್ನೆರಡು ದಿನ ಆಕಿ ದಿನಾ ಸಂಜಿಮುಂದ ಬರಾಕಿ, ನಾನು ಟೈಪ್ ಮಾಡ್ತಾ ಒಂದೊಂದೇ ಕೇಳಾಂವ, ಆಕಿ ಹೇಳಾಕಿ. ಹಿರ್ಯಾರ ಪ್ರಶ್ನೆ ಕೆಟ್ಟದ್ದಲ್ಲ ಅಂತ ನನಗನಿಸ್ತು, ಉತ್ತರ ಯಾರೂ ಸರಳಾಗಿ ಹೇಳಿಲ್ಲ ಅಷ್ಟೇ. ನನಗ ತಿಳಿದಷ್ಟು ಇಲ್ಲಿ ಬರೀತೀನಿ.

ಮೊದ್ಲು ಪದ ಬಿಡಿಸ್ಕೊಳ್ಳೋಣ

ಲೈಂಗಿಕತೆ ಅಂದ ಕೂಡ್ಲೆ ನಮ್ಮ ತಲ್ಯಾಗ ಬರೋದು ಒಂದೇ, ಬಾಗ್ಲಾ ಹಾಕಿದ ಕೋಣಿ. ಓದೋರು ಈ ಪದಾನ ಭಾಳ ಅಗಲ ಮಾಡಿ ಬಳಸ್ತಾರ. ಯಾರಿಗೆ ಯಾರ ಮ್ಯಾಲೆ ಆಸೆ, ಯಾರು ಯಾರ್ನ ಲಗ್ನ ಆಗ್ಬೋದು, ಮುಟ್ಟಾದಾಗ ಗುಡಿ ಒಳಗ ಹೋಗ್ಬೇಕೋ ಬ್ಯಾಡೋ, ಗಂಡ ಸತ್ತಾಕಿ ಕುಂಕುಮ ಹಚ್ಚಬೋದೋ ಇಲ್ಲೋ, ಸನ್ಯಾಸಿ ಯಾಕ ಒಂಟಿ ಇರ್ತಾನ, ಗಂಡಾಗಿ ಹುಟ್ಟಿದವ್ರು ಸೀರಿ ಉಟ್ರ ಊರು ಕಾಲಿಗೆ ಬೀಳ್ತೈತೋ ಕಲ್ಲು ಒಗಿತೈತೋ, ಇದೆಲ್ಲಾ ಅದರೊಳಗ ಬರ್ತೈತಿ.

ನಮ್ಮ ಭಾಷ್ಯಾಗ ಇನ್ನೊಂದು ಮಜಾ ಐತಿ. 'ಲಿಂಗ' ಅನ್ನೋ ಒಂದೇ ಪದ ಕೊರಳಾಗಿನ ಇಷ್ಟಲಿಂಗಕ್ಕೂ ಆತು, ಸಾಲ್ಯಾಗ ಕಲ್ತ ಪುಲ್ಲಿಂಗ-ಸ್ತ್ರೀಲಿಂಗಕ್ಕೂ ಆತು, ಅರ್ಜಿ ಫಾರ್ಮಿನ ಗಂಡು/ಹೆಣ್ಣು ಕಾಲಂಗೂ ಆತು. ಸಂಸ್ಕೃತದಾಗ ಮೂಲ ಅರ್ಥ 'ಗುರುತು' ಅಂತಷ್ಟೇ. ಈಗ ಓದೋರು ದೇಹದ ಗುರುತಿಗೆ ಲಿಂಗ ಅಂತಾರ, ಸಮಾಜ ಹಚ್ಚಿದ 'ಗಂಡಸಂದ್ರ ಹಿಂಗ, ಹೆಂಗಸಂದ್ರ ಹಂಗ' ಅನ್ನೋ ವೇಷಕ್ಕ ಲಿಂಗತ್ವ ಅಂತಾರ. ಇವೆರಡೂ ಬ್ಯಾರೆ ಬ್ಯಾರೆ ಅನ್ನೋದು ತಲ್ಯಾಗ ಕುಂತ್ರ ಮುಂದಿಂದು ಹಗುರ ಆಗ್ತೈತಿ. ಹಂಗ ನೋಡಿದ್ರ ಇದು ಹೊಸಾದೇನಲ್ಲ. ನಮ್ಮ ಪಕ್ಕದ ಸುರಪುರ ಸೀಮಿ ಮುದನೂರಿನ ದಾಸಿಮಯ್ಯ ಮೊಲೆ ಮುಡಿ ಬಂದ್ರ ಹೆಣ್ಣಂತಾರ, ಗಡ್ಡ ಮೀಸಿ ಬಂದ್ರ ಗಂಡಂತಾರ, ನಡುವ ಸುಳಿಯೋ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂತ ಎಂದೋ ಹೇಳಿಬಿಟ್ಟಾನ.

ಆಧ್ಯಾತ್ಮ ಅಂದ್ರ? ಗವಿಮಠದ ಜಾತ್ರಿ ನೋಡೀರಿ. ತೇರು, ದಾಸೋಹ, ಸ್ವಾಮಿಗಳು, ಪದ್ಧತಿ, ಇದು ಧರ್ಮದ ಹೊರಗಿನ ಮೈ. ಅಷ್ಟು ಲಕ್ಷ ಮಂದ್ಯಾಗ ಒಬ್ಬಾಕಿ ಮೂಲ್ಯಾಗ ನಿಂತು ಕಣ್ಣೀರು ಹಾಕ್ತಿರ್ತಾಳಲ್ಲ, ಆಕಿಗೂ ದೇವರಿಗೂ ನಡುವ ಏನೋ ನಡದಿರ್ತೈತಲ್ಲ, ಅದು ಆಧ್ಯಾತ್ಮ.

ಇನ್ನ 'ಅಧ್ಯಯನ'. ಇಲ್ಲೇ ಮಂದಿ ತಪ್ಪು ತಿಳ್ಕೊಳ್ಳೋದು. ಹೊಲದ ಮಣ್ಣು ಪರೀಕ್ಷೆ ಮಾಡೋವ್ರು ನಿಮಗ ಭತ್ತ ಹಚ್ಚೋದು ಪಾಪ, ಜ್ವಾಳ ಪುಣ್ಯ ಅಂತ ಹೇಳಂಗಿಲ್ಲ, ಮಣ್ಣಾಗ ಏನೈತಿ ಅಂತ ಚೀಟಿ ಕೊಡ್ತಾರ. ಇದೂ ಹಂಗ. ಯಾವ ಧರ್ಮ ಮೇಲು ಅನ್ನೋದು ಇವರ ಕೆಲಸಲ್ಲ, ಯಾವ ಕಾಲಕ್ಕ, ಯಾವ ಊರಾಗ, ಯಾರು ಏನು ಹೇಳಿದ್ರು, ಏನು ಮಾಡಿದ್ರು, ಯಾಕ ಮಾಡಿದ್ರು ಅಂತ ನೋಡೋದು.

ಹೇಮಕೂಟದ ಮ್ಯಾಲೆ ಸುಟ್ಟಿದ್ದು ಯಾರ್ನ?

ಆಕಿ ಮೊದಲ್ನೇ ಅಧ್ಯಾಯ ಹಂಪಿಯಿಂದಾನೇ ಶುರು ಆಗ್ತೈತಿ. ಸ್ಥಳಪುರಾಣ ನಮಗೆಲ್ಲಾ ಗೊತ್ತಿದ್ದದ್ದೇ. ಪಂಪಾದೇವಿ ಶಿವನ್ನ ಮದ್ವಿ ಆಗ್ಬೇಕಂತ ತಪಸ್ಸಿಗೆ ಕುಂತ್ಲು, ಶಿವ ತನ್ನ ತಪಸ್ಸಿನಾಗ ಇದ್ದ, ಅವನ್ನ ಎಬ್ಬಸಾಕ ಮನ್ಮಥ ಬಂದು ಹೂವಿನ ಬಾಣ ಬಿಟ್ಟ, ಶಿವ ಮೂರನೇ ಕಣ್ಣು ತಗ್ದ, ಮನ್ಮಥ ಬೂದಿ ಆದ. ಅದಾಗಿದ್ದು ಹೇಮಕೂಟ ಗುಡ್ಡದ ಮ್ಯಾಲೆ ಅಂತ ನಂಬಿಕಿ. ಕೆಳಗ ವಿರೂಪಾಕ್ಷ ಗುಡಿ ಪಕ್ಕ ಮನ್ಮಥ ಹೊಂಡನೂ ಐತಿ. ನೂರು ಸಲ ಕೇಳಿದ ಕಥಿ, ಆದ್ರ ಆಕಿ ಒಂದು ಪ್ರಶ್ನೆ ಕೇಳಿದ್ಲು ನೋಡ್ರಿ, ನಾನು ಕೀಬೋರ್ಡ್ ಮ್ಯಾಲಿಂದ ಕೈ ತಗ್ದೆ: 'ಕಾಮನ್ನ ಸುಟ್ಟ ಮ್ಯಾಲೆ ಶಿವ ಏನು ಮಾಡಿದ ಸರ್?'

ಮದ್ವಿ ಆದ! ಸುಟ್ಟವನೇ ಮದ್ವಿ ಆದ. ಇವತ್ತಿಗೂ ಹಂಪ್ಯಾಗ ಫಲಪೂಜೆ ಅಂತ ನಿಶ್ಚಿತಾರ್ಥ ಮಾಡ್ತಾರ, ಚೈತ್ರದಾಗ ಕಲ್ಯಾಣ, ತೇರು. ಕಾಮನೂ ಪೂರ್ತಿ ಸಾಯಲಿಲ್ಲ, ಮೈ ಇಲ್ಲದ ಅನಂಗ ಆಗಿ ಉಳ್ದ. ಅಂದ್ರ ಒಂದೇ ಕಥ್ಯಾಗ ವೈರಾಗ್ಯನೂ ಐತಿ ಸಂಸಾರನೂ ಐತಿ, ಒಂದು ಇನ್ನೊಂದನ್ನ ಸೋಲಿಸಿಲ್ಲ. ಅಮೆರಿಕದ ವಿದ್ವಾಂಸೆ ವೆಂಡಿ ಡೋನಿಗರ್ 1973ರಾಗ ಈ ವಿಷ್ಯದ ಮ್ಯಾಲೇ ಒಂದು ದೊಡ್ಡ ಪುಸ್ತಕ ಬರದ್ರು, ಶಿವ ಹೆಂಗ ಏಕಕಾಲಕ್ಕ ಮಹಾ ಯೋಗಿನೂ ಮಹಾ ಪ್ರೇಮಿನೂ ಆಗ್ತಾನ ಅಂತ.

ಹೋಳಿ ನೆನಪು ಮಾಡ್ಕೊಳ್ರಿ. ವರ್ಷಪೂರ್ತಿ ಬಾಯಿ ಬಿಗಿ ಹಿಡಿಯೋ ಊರು ಕಾಮದಹನದ ರಾತ್ರಿ ಲಬೋ ಲಬೋ ಅಂತ ಹೊಯ್ಕೊಂಡು, ಹಿರ್ಯಾರ ಮುಂದನ ಆಡಬಾರದ್ದೆಲ್ಲಾ ಆಡ್ತೈತಿ, ಯಾರೂ ಬೈಯಂಗಿಲ್ಲ. ಮರುದಿನ ಜಳಕ ಮಾಡಿ ಎಲ್ಲಾರೂ ಸಂಭಾವಿತರು. ಓದೋರಿಗೆ ಇದೂ ಒಂದು ಪುರಾವೆ.

ಡ್ಯಾಮಿನ ಹೋಲಿಕೆ

ನನಗ ತಿಳಿಲಿ ಅಂತ ನಾನೇ ಒಂದು ಹೋಲಿಕೆ ಹಚ್ಚಿದೆ. ತುಂಗಭದ್ರಾ ಡ್ಯಾಮಿಗೆ 33 ಗೇಟು. ಕೆಲವು ಧರ್ಮದಾರಿ ಎಲ್ಲಾ ಗೇಟು ಬಂದ್ ಮಾಡ್ತಾವ, ನೀರು ನಿಂತು ಶಕ್ತಿ ಆಗ್ಲಿ ಅಂತ. ಕೆಲವು ಕಾಲುವಿ ತೋಡಿ ಅಳತಿ ಪ್ರಕಾರ ಬಿಡ್ತಾವ. ಇನ್ನ ಕೆಲವು ಹೊಳಿ ಹರಿಯೋ ಸಪ್ಪಳಾನೇ ಹಾಡು ಮಾಡ್ಕೊತಾವ.

ಗೇಟ್ ಬಂದ್ ಮಾಡಿದವ್ರು ಮೊದ್ಲು. ನಮ್ಮ ಕೊಪ್ಪಳಾನೇ ಹಿಂದಕ ಕೊಪಣ ಅಂತ ಜೈನರ ದೊಡ್ಡ ತೀರ್ಥ. ಜೈನ ಮುನಿಗಳ ಐದು ಮಹಾವ್ರತದಾಗ ಬ್ರಹ್ಮಚರ್ಯ ಒಂದು, ಅವರಿಗೆ ಪೂರ್ತಿ ನಿಷೇಧ. ಆದ್ರ ಸಂಸಾರಿ ಶ್ರಾವಕರಿಗೆ ಅದೇ ವ್ರತ ಅಣುವ್ರತ ಆಗ್ತೈತಿ, ಕಟ್ಕೊಂಡ ಹೆಂಡ್ತಿ ಅಥವಾ ಗಂಡನಾಗ ಸಮಾಧಾನ ಪಡು ಅಂತ. ಬೌದ್ಧ ಭಿಕ್ಷುಗಳಿಗೆ ಸಂಘದಿಂದ ಕಾಯಂ ಹೊರಗ ಹಾಕೋ ನಾಕು ತಪ್ಪು ಅದಾವ, ಅದರಾಗ ಮೊದಲ್ನೇದು ಸಂಭೋಗ, ಕೊಲೆ ಅದರ ನಂತರ ಬರ್ತೈತಿ (ಇದು ಟೈಪ್ ಮಾಡ್ಬೇಕಾದ್ರ ಎರಡು ಸಲ ಕೇಳಿದೆ, ಹೌದಂದ್ಲು). ಕ್ಯಾಥೊಲಿಕ್ ಪಾದ್ರಿಗಳು ಮದ್ವಿ ಆಗಂಗಿಲ್ಲ ಅನ್ನೋದು ಏಸು ಕಾಲದಿಂದ ಬಂದಿದ್ದಂತ ನಾನು ತಿಳ್ಕೊಂಡಿದ್ದೆ. ಶುರುವಿನ ಶತಮಾನಗಳಾಗ ಮದ್ವಿಯಾದ ಪಾದ್ರಿಗಳು ಇದ್ರಂತ, ಪಾದ್ರಿ ಮದ್ವಿ ಮಾಡ್ಕೊಂಡ್ರ ಅದು ಮದ್ವಿನೇ ಅಲ್ಲ ಅಂತ 1139ರಾಗ ರೋಮಿನ ಲ್ಯಾಟರನ್ ಸಭೆ ಗಟ್ಟಿ ಮಾಡ್ತು. ಪೂರ್ವದ ಆರ್ಥೊಡಾಕ್ಸ್ ಚರ್ಚಿನಾಗ ಮದ್ವಿಯಾದವ್ರು ಇವತ್ತಿಗೂ ಪಾದ್ರಿ ಆಗ್ಬೋದು.

ಕಾಲುವಿ ತೋಡಿದವ್ರು ಇನ್ನೂ ಮಜಾ. ಯೆಹೂದಿಗಳ ಮಿಷ್ನಾ ಅಂತ ಕಾನೂನು ಸಂಗ್ರಹ ಐತಿ, ಸುಮಾರು ಕ್ರಿ.ಶ. 200ರದ್ದು. ಅದರಾಗ ಗಂಡ ಹೆಂಡ್ತಿಗೆ ಎಷ್ಟು ದಿನಕ್ಕೊಮ್ಮೆ ಸುಖ ಕೊಡ್ಬೇಕು ಅಂತ ಕಸುಬಿನ ಪ್ರಕಾರ ಪಟ್ಟಿ ಹಾಕ್ಯಾರ: ಕೆಲ್ಸ ಇಲ್ದವ ದಿನಾ, ಕೂಲಿ ಮಾಡಾಂವ ವಾರಕ್ಕೆರಡು, ಕತ್ತೆ ಹೊಡಿಯಾಂವ ವಾರಕ್ಕೊಮ್ಮೆ, ಒಂಟೆ ಹೊಡಿಯಾಂವ ಮೂವತ್ತು ದಿನಕ್ಕೊಮ್ಮೆ, ಹಡಗಿನಾಂವ ಆರು ತಿಂಗಳಿಗೊಮ್ಮೆ. ಹೆಂಡ್ತಿ ಹಕ್ಕು ಅದು, ಗಂಡನ ಹಕ್ಕಲ್ಲ. ಹೊಸಪೇಟಿ ಮೈನ್ಸ್ ಲಾರಿ ಡ್ರೈವರಿಗೆ ಎಷ್ಟು ಬರೀತಿದ್ರೋ ಅಂತ ನಾನು ನಕ್ಕೆ, ಆಕಿನೂ ನಕ್ಳು. ಇಸ್ಲಾಮಿನಾಗ ಸನ್ಯಾಸಕ್ಕ ಮರ್ಯಾದಿ ಕಡಿಮಿ, ನಿಕಾಹಕ್ಕ ಜಾಸ್ತಿ. ರಂಜಾನ್ ಹಗಲು ಉಪವಾಸ, ರಾತ್ರಿ ಗಂಡ-ಹೆಂಡ್ತಿ ಕೂಡ್ಬೋದು ಅಂತ ಕುರಾನಿನಾಗೇ ಐತಿ, ಅಲ್ಲೇ ಅವರಿಬ್ರೂ ಒಬ್ರಿಗೊಬ್ರು ಉಡುಪು ಅನ್ನೋ ಚಂದ ಮಾತೂ ಐತಿ. ನಮ್ಮ ಕಡೆ ಧರ್ಮ, ಅರ್ಥ, ಕಾಮ, ಮೋಕ್ಷ ಅಂತ ನಾಕು ಪುರುಷಾರ್ಥ, ಕಾಮ ಪಟ್ಟ್ಯಾಗೇ ಐತಿ.

ಒಂದೇ ಪುಸ್ತಕ ಓದಿದವ್ರು ತದ್ವಿರುದ್ಧ ದಿಕ್ಕಿಗೆ ಹೋಗಿದ್ದೂ ಐತಿ. ಇಂಗ್ಲೆಂಡಿನಿಂದ 1774ರಾಗ ಅಮೆರಿಕಕ್ಕ ಹೋದ ಆನ್ ಲೀ ಅನ್ನಾಕಿಯ ಶೇಕರ್ ಪಂಥದವ್ರು ಗಂಡ-ಹೆಂಡ್ತಿ ಸಂಬಂಧಾನೇ ಬಿಟ್ಟು ಅಣ್ಣ-ತಂಗಿ ಹಂಗ ಬಾಳಿದ್ರು. ಅದೇ ಅಮೆರಿಕದ ನ್ಯೂಯಾರ್ಕ್ ರಾಜ್ಯದಾಗ 1848ಕ್ಕ ಶುರುವಾದ ಒನೈಡಾ ಸಮುದಾಯದವ್ರು ಎಲ್ಲಾರೂ ಎಲ್ಲಾರಿಗೂ ಗಂಡ-ಹೆಂಡ್ತಿ ಅಂದ್ರು. ಇಬ್ರದ್ದೂ ಬೈಬಲ್ ಒಂದೇ. ಒನೈಡಾ ಕಡೀಕ 1881ರಾಗ ಕಂಪನಿ ಆಗಿ, ಚಮಚ-ಫೋರ್ಕ್ ಮಾಡಿ ಹೆಸರಾತು!

ದೇವರೇ ಗಂಡ ಅಂದ್ರ

ಮೂರನೇ ದಾರಿ ನಮಗ ಭಾಳ ಹತ್ರದ್ದು. ಶರಣ ಸತಿ, ಲಿಂಗ ಪತಿ. ಅಕ್ಕಮಹಾದೇವಿ ಸಾವಿಲ್ಲದ, ಕೇಡಿಲ್ಲದ, ರೂಪಿಲ್ಲದ ಚೆಲುವನಿಗೆ ಒಲಿದೆ ಅಂತಾಳ, ಸಾಯೋ ಕೆಡೋ ಗಂಡಂದಿರನ್ನ ಒಯ್ದು ಒಲಿಯಾಗಿಡು ಅಂತಾಳ. ಹೆಣ್ಮಗಳು ಹಂಗಂದ್ಲು ಅಂದ್ರ ತಿಳಿತೈತಿ, ಆದ್ರ ವಚನಕಾರ ಉರಿಲಿಂಗದೇವ ಗಂಡಸು, ಅವನೂ ಹೆಂಡ್ತಿ ಆಗಿ ಬರೀತಾನ, ನಲ್ಲ ಬಂದ, ನಲ್ಲ ಅಪ್ಪಿದ ಅಂತ. ಕೃಷ್ಣ ಭಕ್ತರು ಗೋಪಿ ಆಗ್ತಾರ. ಸೂಫಿಗಳು ಮನುಷ್ಯರ ಮ್ಯಾಲಿನ ಪ್ರೀತಿ ಇಷ್ಕ್-ಎ-ಮಜಾಜಿ, ದೇವರ ಮ್ಯಾಲಿಂದು ಇಷ್ಕ್-ಎ-ಹಕೀಕಿ, ಮೊದಲ್ನೇದು ಎರಡನೇದಕ್ಕ ಸೇತುವೆ ಅಂತಾರ.

ಬೈಬಲ್ಲಿನಾಗ ಪರಮಗೀತ ಅಂತ ಒಂದು ಭಾಗ ಐತಿ, ಪೂರ್ತಿ ಪ್ರೇಮಿಗಳ ಮಾತು, ತುಟಿ, ಮೊಲೆ, ದ್ರಾಕ್ಷಿತೋಟ. ಇದು ಶಾಸ್ತ್ರದಾಗ ಇರಬೇಕೋ ಬ್ಯಾಡೋ ಅಂತ ಯೆಹೂದಿ ಗುರುಗಳಾಗ ಚರ್ಚೆ ಆದಾಗ ರಬ್ಬಿ ಅಕೀವಾ, ಶಾಸ್ತ್ರ ಎಲ್ಲಾ ಪವಿತ್ರ, ಆದ್ರ ಇದು ಪವಿತ್ರದಾಗ ಪವಿತ್ರ ಅಂದುಬಿಟ್ಟ. ಫ್ರಾನ್ಸಿನ ಬ್ರಹ್ಮಚಾರಿ ಸನ್ಯಾಸಿ ಬರ್ನಾರ್ಡ್ ಅದರ ಮ್ಯಾಲೆ 86 ಪ್ರವಚನ ಬರದ, 1153ರಾಗ ತೀರ್ಕೊಂಡಾಗ ಇನ್ನೂ ಮೂರನೇ ಅಧ್ಯಾಯದ ಶುರುವಿನಾಗೇ ಇದ್ದ. ಸ್ಪೇನಿನ ತೆರೇಸಾ ಅನ್ನೋ ಸನ್ಯಾಸಿನಿ, ದೇವದೂತ ಬಂಗಾರದ ಭರ್ಚಿ ಎದಿಗೆ ಚುಚ್ಚಿದ, ನೋವೂ ಆತು, ಆ ನೋವು ಹೋಗೋದೂ ಬ್ಯಾಡಾಗಿತ್ತು ಅಂತ ಬರದಾಳ.

ಇವರಾಗ ಭಾಳ ಮಂದಿ ಒಬ್ರಿಗೊಬ್ರು ಗೊತ್ತಿಲ್ಲದವ್ರು, ಆದ್ರೂ ಮಾತು ಯಾಕ ಇಷ್ಟು ಹೋಲ್ತಾವ? ಇಲ್ಲಿ ಪಂಡಿತರಾಗ ಜಗಳ ಐತಿ. ಒಂದು ಗುಂಪು ಇದು ಅದುಮಿಟ್ಟ ಆಸೆ ಬ್ಯಾರೆ ವೇಷದಾಗ ಹೊರಗ ಬಂದಿದ್ದು ಅಂತೈತಿ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಾಗೇ ಇಂಥಾ ವಾದಾನ ಗೇಲಿ ಮಾಡ್ಯಾನ, ಭಕ್ತಿಯಾಗ ಹಸಿವಿ-ಊಟದ ಮಾತೂ ಬರ್ತಾವ, ಉಸುರಿನ ಮಾತೂ ಬರ್ತಾವ, ಹಂಗಂತ ಧರ್ಮ ಅಂದ್ರ ಕೆಟ್ಟ ಜೀರ್ಣಶಕ್ತಿ ಅಂತೀರೇನು ಅಂತ. ಕ್ಯಾರೊಲಿನ್ ಬೈನಮ್ ಅನ್ನೋ ಇತಿಹಾಸಕಾರ್ತಿ ಇನ್ನೊಂದು ತೋರಿಸಿದ್ಲು, 12ನೇ ಶತಮಾನದ ಕ್ರೈಸ್ತ ಸನ್ಯಾಸಿಗಳು ಏಸುನ್ನ ತಾಯಿ ಅಂತ ಕರದು ಎದಿಹಾಲಿನ ಮಾತಾಡ್ತಾರ, ನಾವು ಇವತ್ತಿನ ಕಣ್ಣಿನಿಂದ ಮೈ ಕಂಡಲ್ಲೆಲ್ಲಾ ಕಾಮ ಕಾಣಬಾರದು ಅಂತ. ನನಗ ಈ ಮಾತು ಹಿಡಿಸ್ತು.

ಗುಡಿ ಕಂಬದ ಮ್ಯಾಲಿನ ಜೋಡಿ

ಹಂಪಿ ಗುಡಿಗಳ ಕಂಬದ ಮ್ಯಾಲೆ ಅಲ್ಲಲ್ಲಿ ಮಿಥುನ ಶಿಲ್ಪ, ಅಂದ್ರ ಗಂಡು-ಹೆಣ್ಣು ಕೂಡಿದ ಶಿಲ್ಪ ಅದಾವ, ಸಾಲಿ ಟ್ರಿಪ್ಪಿನಾಗ ಹುಡುಗ್ರು ಮೊದ್ಲು ಹುಡುಕೋದೇ ಅವನ್ನ. ನಮ್ಮ ಅಜ್ಜ ಹೇಳ್ತಿದ್ದ, ಸಿಡಿಲು ಬಡೀಬಾರದು ಅಂತ ಕೆತ್ಯಾರ ಅಂತ. ಗೈಡು ಕೇಳಿದ್ರ 'ಆಸೆ ಹೊರಗ ಬಿಟ್ಟು ಒಳಗ ಬಾ' ಅಂತಾನ. ಕಲಾ ಇತಿಹಾಸಕಾರ್ತಿ ದೇವಾಂಗನಾ ದೇಸಾಯಿ 1975ರಾಗ ದೇಶದ ತುಂಬ ಇಂಥಾ ಶಿಲ್ಪ ಓದಿ ಪುಸ್ತಕ ಮಾಡಿದ್ರು. ಒಂದೇ ಕಾರಣ ಹೇಳಾಕ ಬರಂಗಿಲ್ಲ ಅನ್ನೋದು ಓದಿದವ್ರ ಮಾತು: ಜೋಡಿ ಅಂದ್ರ ಮಂಗಳ, ಬೆಳಿ-ಸಂತಾನದ ಗುರುತು ಅನ್ನೋ ಹಳೇ ನಂಬಿಕಿ, ಕೆಲವು ಕಡೆ ತಂತ್ರದ ಸಂಕೇತ, ಕೆಲವು ಕಡೆ ದುಡ್ಡು ಕೊಟ್ಟ ರಾಜ-ಸಾಮಂತರ ಶೋಕಿ.

ತಂತ್ರ ಅಂದ್ನಲ್ಲ, ಅದಂದ್ರ ಬರೇ ಸೆಕ್ಸ್ ಅನ್ನೋದು ಪಶ್ಚಿಮದ ಮಾರ್ಕೆಟ್ಟಿನ ಅರ್ಥ. ತಂತ್ರ ಗ್ರಂಥಗಳ ತುಂಬ ಇರೋದು ಮಂತ್ರ, ದೀಕ್ಷೆ, ಮಂಡಲ, ಗುಡಿ ಪೂಜಿ ವಿಧಾನ. ಸಂಭೋಗದ ಆಚರಣಿ ಕೆಲವೇ ಪಂಥದಾಗ ಗುಟ್ಟಾಗಿ ಇತ್ತು ಅಷ್ಟೇ.

ಹುಲಿಗಿ

ಇನ್ನ ನಮ್ಮ ಮನಿ ಬಾಗ್ಲಿಗೇ ಬರೋಣ. ಡ್ಯಾಮಿನ ಪಕ್ಕದ ಹುಲಿಗ್ಯಾಗ ಹುಲಿಗೆಮ್ಮನ ಗುಡಿ, ಮಂಗಳಾರ, ಶುಕ್ರಾರ, ಹುಣ್ಣಿಮಿಗೆ ಕಾಲಿಡಾಕ ಜಾಗ ಇರಂಗಿಲ್ಲ. ಅಲ್ಲಿ ಚೌಡ್ಕಿ ವಾದ್ಯ ಹಿಡ್ಕೊಂಡು, ಹಣಿ ತುಂಬ ಭಂಡಾರ ಹಚ್ಕೊಂಡು, ತಲಿ ಮ್ಯಾಲೆ ಅಮ್ಮನ ಕೊಡ ಹೊತ್ಕೊಂಡು ಉಧೋ ಉಧೋ ಅನ್ನೋ ಜೋಗತಿಯರನ್ನ, ಜೋಗಪ್ಪಗಳನ್ನ ನೋಡೇ ಇರ್ತೀರಿ. ಗಂಡಾಗಿ ಹುಟ್ಟಿದವ್ರಿಗೆ 'ಅಮ್ಮ ಮೈಮ್ಯಾಲೆ ಬಂದ್ಲು, ಕರದ್ಲು' ಅಂತಾದ್ರ ಮುತ್ತು (ದೇವಿಗೆ ಬಿಟ್ಟ ಗುರುತಿನ ಮಣಿಸರ) ಕಟ್ಟಿಸ್ಕೊಂಡು ಸೀರಿ ಉಡ್ತಾರ. ಬಳ್ಳಾರಿ ಸೀಮಿ ಕಲ್ಲುಕಂಬದಾಗ ಹುಟ್ಟಿದ ಮಂಜಮ್ಮ ಜೋಗತಿ ಇದೇ ಹಾದ್ಯಾಗ ಬಂದವ್ರು, ಜಾನಪದ ಅಕಾಡೆಮಿ ಅಧ್ಯಕ್ಷೆ ಆದ್ರು, 2021ರಾಗ ಪದ್ಮಶ್ರೀ ಬಂತು.

ಓದೋರ ಪ್ರಶ್ನೆ ಇಲ್ಲಿ ಹರಿತ ಆಗ್ತೈತಿ. ಗಂಡು-ಹೆಣ್ಣು ಅಂತ ಕಟ್ಟುನಿಟ್ಟು ಮಾಡೋ ಅದೇ ಊರು, ದೇವಿ ಹೆಸರಿನಾಗ ಆ ಗೆರಿ ದಾಟಿದವ್ರಿಗೆ ಅಡ್ಡಬೀಳ್ತೈತಿ. ಹಳೇ ರೋಮಿನಾಗೂ ಸಿಬೆಲೆ ಅನ್ನೋ ತಾಯಿದೇವತಿಗೆ ಹೆಂಗಸರ ವೇಷದ ಗಾಲ್ಲಿ ಅನ್ನೋ ಪೂಜಾರಿಗಳಿದ್ರು, ಗುಜರಾತಿನಾಗ ಬಹುಚರಾ ಮಾತೆಗೆ ಹಿಜಡಾ ಭಕ್ತರು ಅದಾರ. ಹೋಲಿಸ್ಬೋದು, ಆದ್ರ ಮೂರೂ ಒಂದೇ ಅಂದ್ರ ತಪ್ಪು, ಕಾಲ, ಜಾತಿ, ಹೊಟ್ಟಿಪಾಡು ಎಲ್ಲಾ ಬ್ಯಾರೆ.

ಇದೇ ಮುತ್ತು ಕಟ್ಟೋದರ ಇನ್ನೊಂದು ಮುಖ ಭಾಳ ಕಷ್ಟದ್ದು, ದೇವದಾಸಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಾಗ ಬಡ ದಲಿತ ಮನಿಗಳ ಸಣ್ಣ ಹುಡುಗ್ಯಾರನ್ನ ದೇವಿಗೆ ಬಿಟ್ಟು, ಅವರ ಮೈ ಮ್ಯಾಲೆ ಊರ ಉಳ್ಳವ್ರು ಹಕ್ಕು ನಡೆಸಿದ ಇತಿಹಾಸ ಐತಿ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಾಗಿತ್ತು, ಅಲ್ಲಿ 1947ಕ್ಕ ನಿಷೇಧ ಕಾಯ್ದೆ ಬಂತು, ರಾಯಚೂರು-ಕೊಪ್ಪಳ ಅವಾಗಿನ್ನೂ ನಿಜಾಮನ ಕೈಯಾಗ. ಇಡೀ ಕರ್ನಾಟಕಕ್ಕ ಅಂತ ಆಗಿದ್ದು 1982ರ ಕಾಯ್ದೆ: ಅದರಾಗ ದೇವಿಗೆ ಬಿಟ್ಟವ್ರಿಗೆ ಮೂರು ವರ್ಷದ ತನಕ ಜೈಲು, ಹೆತ್ತವ್ರೇ ಬಿಟ್ರ ಐದರ ತನಕ ಅಂತ ಇತ್ತು. ಉತ್ತರ ಕರ್ನಾಟಕದಾಗ ವರ್ಷಗಟ್ಟಲೆ ಇದ್ದು ಓದಿದ ಲೂಸಿಂಡಾ ರಾಂಬರ್ಗ್ ಅನ್ನೋ ಮಾನವಶಾಸ್ತ್ರಜ್ಞೆ 2014ರ ಪುಸ್ತಕದಾಗ ಬರೀತಾರ, ಈ ಹೆಣ್ಮಕ್ಕಳು ತಮ್ಮನ್ನ ದೇವಿ ಜೊತಿ ಲಗ್ನ ಆದವ್ರು ಅಂತಾರ, ತೌರಮನ್ಯಾಗ ಗಂಡುಮಗನ ಜಾಗದಾಗ ನಿಂತು ಮನಿ ನಡಸ್ತಾರ, ಇದನ್ನ ಬರೇ ಮೂಢನಂಬಿಕಿ ಇಲ್ಲಾ ಬರೇ ಸೂಳೆಗಾರಿಕಿ ಅಂದ್ರ ಅರ್ಧ ಚಿತ್ರ ಕಾಣಂಗಿಲ್ಲ ಅಂತ. ಹಂಗಂತ ಅನ್ಯಾಯ ಸಣ್ಣದಾಗಂಗಿಲ್ಲ. ಎರಡನ್ನೂ ಒಂದೇ ಪುಟದಾಗ ಬರಿಯೋದೇ ಕಷ್ಟ ಸರ್ ಅಂದ್ಲು ಹುಡ್ಗಿ, ಆ ಪುಟ ನಾನು ಏಳು ಸಲ ತಿದ್ದೇನಿ.

ನನ್ನ ಹೋಲಿಕೆ ಒಡೀತು

ಡ್ಯಾಮಿನ ಹೋಲಿಕೆ ನನಗ ಭಾಳ ಚಂದ ಅನಿಸಿತ್ತು, ಥೀಸಿಸ್ಸಿನಾಗ ಹಾಕಂದೆ. ಆಕಿ ನಕ್ಕು, 'ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಹಿಂಗೇ ತಿಳ್ಕೊಂಡಿದ್ದ ಸರ್, ಆಸೆ ಅನ್ನೋದು ಮೊದ್ಲೇ ಇರೋ ನೀರು, ಸಮಾಜ ಅದನ್ನ ತಡೀತೈತಿ ಅಂತ. ಫ್ರೆಂಚ್ ಚಿಂತಕ ಫೂಕೊ 1976ರಾಗ ಉಲ್ಟಾ ಹೇಳಿದ' ಅಂದ್ಲು. ಚರ್ಚಿನಾಗ ಪಾಪ ಒಪ್ಪಿಸೋ ಪದ್ಧತಿ ಐತಲ್ಲ, ಏನು ಮಾಡ್ದಿ, ಏನು ಅನ್ಕೊಂಡಿ, ಕನಸಿನಾಗ ಏನು ಬಂತು ಅಂತ ಕೆದಕಿ ಕೆದಕಿ ಕೇಳೋದು, ಅದು ಮಾತು ಅದುಮಲಿಲ್ಲ, ಬೆಳೆಸ್ತು. ನಿಯಮ ಆಸೆನ ಬರೇ ತಡಿಯಂಗಿಲ್ಲ, ಆಸೆಗೆ ಆಕಾರ ಕೊಡ್ತೈತಿ.

ನನಗ ತಿಳೀಲಿಲ್ಲ. ಅವಾಗ ಆಕಿನೇ ಕೇಳಿದ್ಲು, 'ಕಾಲುವಿ ಬರೋಕಿಂತ ಮೊದ್ಲು ಗಂಗಾವತಿ ಕಡೆ ಏನು ಬೆಳೀತಿದ್ರಿ ಸರ್?' ಜ್ವಾಳ, ಸಜ್ಜಿ. ಈಗ? ಎಲ್ಲಿ ನೋಡಿದ್ರೂ ಭತ್ತ. ಊಟ ಬದಲಾತು, ಸಾಲ ಬದಲಾತು, ವರ ನೋಡೋದೂ ಬದಲಾತು, ಕಾಲುವಿ ಕೆಳಗಿನ ಹೊಲ ಎಷ್ಟೈತಿ ಅಂತ ಕೇಳ್ತಾರ. ಕಾಲುವಿ ನೀರನ್ನಷ್ಟೇ ತಿರುಗಿಸಲಿಲ್ಲ, ನಾವು ಏನು ಬಯಸ್ತೀವಿ ಅನ್ನೋದನ್ನೇ ತಿರುಗಿಸ್ತು. ಧರ್ಮ ಆಸೆಗೆ ಏನು ಮಾಡ್ತೈತಿ ಅಂದ್ರ ಇದು. ಇಷ್ಟಾದ ಮ್ಯಾಲೆ ಹೋಲಿಕೆ ಉಳ್ಕೊಂತು, ಅರ್ಥ ಬ್ಯಾರೆ ಆತು.

ಹೆಂಗ ಓದ್ತಾರ, ಯಾಕ ಜಗಳ

ಹಳೇ ಗ್ರಂಥ ಮೂಲ ಭಾಷ್ಯಾಗ ಓದ್ತಾರ, ಶಾಸನ-ಶಿಲ್ಪ ನೋಡ್ತಾರ, ಕೋರ್ಟ್ ಕಾಗದ ತಗೀತಾರ, ಮಂದಿ ನಡುವ ಕುಂತು ಕೇಳ್ತಾರ. ತಪ್ಪೂ ಆಗ್ತಾವ. ರಾಮಕೃಷ್ಣ ಪರಮಹಂಸರ ಮ್ಯಾಲೆ ಅಮೆರಿಕದ ವಿದ್ವಾಂಸ ಜೆಫ್ರಿ ಕ್ರೈಪಲ್ 1995ರಾಗ ಬರದ ಪುಸ್ತಕಕ್ಕ ದೊಡ್ಡ ಗದ್ದಲ ಆತು, ಬಂಗಾಳಿ ಮಾತಿಗೆ ಅರ್ಥ ತಪ್ಪು ಹಚ್ಯಾರ ಅಂತ ರಾಮಕೃಷ್ಣ ಮಠದ ಸ್ವಾಮಿ ತ್ಯಾಗಾನಂದರು 2000ದಾಗ ಉದ್ದನ್ನ ಉತ್ತರ ಬರದ್ರು. ಡೋನಿಗರ್ ಅವರ ಇನ್ನೊಂದು ಪುಸ್ತಕಾನ ಕೇಸಿನ ಕಾರಣಕ್ಕ ಪ್ರಕಾಶಕರು 2014ರಾಗ ಭಾರತದಾಗ ಹಿಂದಕ ತಗೊಂಡ್ರು. ಹೊರಗಿನವ್ರಿಗೆ ಒಳಗಿಂದು ತಿಳಿತೈತಾ, ಒಳಗಿನವ್ರು ಒಳಗಿಂದು ನೇರ ನೋಡ್ತಾರಾ, ಈ ಎರಡೂ ಪ್ರಶ್ನೆ ಇನ್ನೂ ನಡದಾವ.

ಹೋದ ಶನಿವಾರ ಬೈಂಡಿಂಗ್ ಮಾಡ್ತಿದ್ದೆ. ಹುಲಿಗಿ ಕಡೆ ಜೋಗಮ್ಮ ಒಬ್ರು ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರ ಕೊಡೋ ಮೈತ್ರಿ ಪಿಂಚಣಿ ಅರ್ಜಿಗೆ ಝೆರಾಕ್ಸ್ ತಗ್ಸಾಕ ಬಂದ್ರು. ಕೌಂಟರ್ ಮ್ಯಾಲೆ ಚೌಡ್ಕಿ ಫೋಟೋ ಇದ್ದ ಪುಟ ಬಿದ್ದಿತ್ತು, ಎತ್ಕೊಂಡು ನೋಡಿದ್ರು. 'ಇದು ನಮ್ಮ ವಿಷ್ಯ ಅಲ್ಲೇನೋ? ಬರದಾಕಿ ಯಾರು?' ಅಂದ್ರು. ಹುಡ್ಗಿ ಎದ್ದು ನಿಂತ್ಲು. 'ನಮ್ಮನ್ನ ಕೇಳಿ ಬರದಿಯೋ, ಕೇಳದ ಬರದಿಯೋ?'

'ಹನ್ನೊಂದು ಮಂದಿ ಕೇಳೇನಿ ಅಮ್ಮಾರ.'

'ಹನ್ನೆರಡನೇದಾಕಿ ನಾನು, ಕುಂದ್ರು' ಅಂತ ಸ್ಟೂಲ್ ಎಳ್ಕೊಂಡ್ರು. ಮೂರು ಚಾ ಹೇಳಿ ನಾನು ಬೈಂಡಿಂಗ್ ನಿಲ್ಲಿಸಿದೆ.